ಮಳೆಗಾಲದ ಹಾಸ್ಟೆಲ್‌ಗೆ ಫ್ಲೂ ತಡೆಯುವ ಸಾಮಾನು: ಯಾವುದು ಕೊಳ್ಳಬೇಕು, ಯಾವುದು ಬರೀ ಗೇಟಿನ ಅಲಂಕಾರ

ಮೇ ಕೊನೆಯ ವಾರ ಬಂತೆಂದರೆ ಕೊಡಗಿನ ಕಾಲೇಜು ಹಾಸ್ಟೆಲ್‌ಗಳ ಸ್ಟೋರ್ ರೂಮಿನಲ್ಲಿ ಹಳೇ ಪಟ್ಟಿಯೊಂದು ಮತ್ತೆ ಮೇಲೆ ಬರುತ್ತದೆ. ಸ್ಯಾನಿಟೈಜರಿನ ಐದು ಲೀಟರ್ ಕ್ಯಾನು, ಕಾಲಿನಿಂದ ಒತ್ತುವ ಸ್ಟ್ಯಾಂಡು, ಹಣೆಗೆ ಹಿಡಿಯುವ ಗನ್ ಥರ್ಮಾಮೀಟರು, ನೀಲಿ ಮಾಸ್ಕಿನ ಹತ್ತು ಡಬ್ಬ, ಬ್ಲೀಚಿಂಗ್ ಪೌಡರಿನ ಮೂಟೆ, ದುಡ್ಡು ಉಳಿದರೆ ಒಂದು ಫಾಗಿಂಗ್ ಮೆಷಿನ್ನು. 2020ರಲ್ಲಿ ಕೊರೊನಾ ಗಡಿಬಿಡಿಯಲ್ಲಿ ಬರೆದ ಪಟ್ಟಿ ಅದು. ಜ್ವರದ ಸುದ್ದಿ ಬಂದಾಗಲೆಲ್ಲ ಅದನ್ನೇ ನಕಲು ಮಾಡಿ ಸಹಿ ಹಾಕಿಸುವುದು ಸುಲಭ.

ಆದರೆ ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ ಕಡೆ ಮಳೆಗಾಲದಲ್ಲಿ ಫ್ಲೂ ಹರಡುವ ಜಾಗ ಗೇಟಲ್ಲ. ಹೊರಗೆ ಧೋ ಎಂದು ಮಳೆ, ಒಳಗೆ ಕಿಟಕಿ ಭದ್ರ, ಒಂದೇ ಕೋಣೆಯಲ್ಲಿ ನಾಲ್ಕು ಜನ, ಹಗ್ಗದ ಮೇಲೆ ಮೂರು ದಿನದಿಂದ ಒಣಗದ ಜೀನ್ಸು. ಆ ಕೋಣೆಯೇ ಜಾಗ. ಹಾಗಾಗಿ ಕೆಳಗಿನ ಸಾಮಾನುಗಳನ್ನು ತೂಗಿದ್ದು ಒಂದೇ ತಕ್ಕಡಿಯಲ್ಲಿ: ಮುಚ್ಚಿದ ಕೋಣೆಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ವೈರಸ್ಸನ್ನು ಇದು ಎಷ್ಟು ಕಡಿಮೆ ಮಾಡುತ್ತದೆ? ಲೆಕ್ಕಕ್ಕೆ ಹಿಡಿದಿರುವುದು 120 ವಿದ್ಯಾರ್ಥಿಗಳ ಹಾಸ್ಟೆಲ್, ನಾಲ್ವರಿಗೊಂದರಂತೆ 30 ಕೋಣೆ, ಪ್ರತಿ ಕೋಣೆ 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರ.

ಎಕ್ಸಾಸ್ಟ್ ಫ್ಯಾನ್: ಪಟ್ಟಿಯಲ್ಲಿ ಇಲ್ಲದ, ಮೊದಲು ಇರಬೇಕಾದ ಸಾಮಾನು

ಈ ಅಳತೆಯ ಕೋಣೆಯಲ್ಲಿ ಇರುವ ಗಾಳಿ 1800 ಘನ ಅಡಿ, ಅಂದರೆ ಸುಮಾರು 51 ಘನ ಮೀಟರ್. ಗಂಟೆಗೆ ಐದು ಸಲವಾದರೂ ಕೋಣೆಯ ಗಾಳಿ ಬದಲಾಗಬೇಕು ಎನ್ನುವುದು ಅಮೆರಿಕ ಸರ್ಕಾರದ ರೋಗತಡೆ ಸಂಸ್ಥೆ ಸಿಡಿಸಿ 2023ರಿಂದ ಹೇಳುತ್ತಿರುವ ಗುರಿ. ನಮ್ಮ ಕೋಣೆಗೆ ಅದು ಗಂಟೆಗೆ 255 ಘನ ಮೀಟರ್. ಒಂಬತ್ತು ಇಂಚಿನ, ಅಂದರೆ ಡಬ್ಬದ ಮೇಲೆ 225 ಅಥವಾ 230 ಮಿ.ಮೀ. ಎಂದು ಬರೆದಿರುವ ಸಾಮಾನ್ಯ ಫ್ಯಾನು ಇದಕ್ಕೆ ಸಾಕು. ಆದರೂ ಡಬ್ಬದ ಪಕ್ಕದಲ್ಲಿ ‘ಏರ್ ಡೆಲಿವರಿ’ ಎಂದಿರುವ ಸಂಖ್ಯೆ ಓದದೆ ಕೊಳ್ಳಬೇಡಿ. ಅದು ಸಿಎಂಎಚ್‌ನಲ್ಲಿ, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಎಂದು ಇರುತ್ತದೆ. ಎದುರು ಅಡ್ಡಿಯೇ ಇಲ್ಲದಿದ್ದಾಗ ಬರುವ ಅಂಕಿ ಅದು. ಗೋಡೆಗೆ ಕೂರಿಸಿ ಹೊರಗೆ ರೆಕ್ಕೆಮುಚ್ಚಳ, ಒಳಗೆ ಸೊಳ್ಳೆ ನೆಟ್ಟು ಹಾಕಿದ ಮೇಲೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಹಾಗಾಗಿ ಬೇಕಾದ್ದರ ಎರಡರಷ್ಟು ಬರೆದಿರುವ ಫ್ಯಾನು ತರುವುದು ಜಾಣತನ. 30 ಅಡಿಗೆ 25 ಅಡಿ, 11 ಅಡಿ ಎತ್ತರದ ತರಗತಿಗಾದರೆ ಲೆಕ್ಕ ಗಂಟೆಗೆ 1170 ಘನ ಮೀಟರಿನ ಹತ್ತಿರ ಬರುತ್ತದೆ. ಅಲ್ಲಿಗೆ ಹನ್ನೆರಡು ಇಂಚಿನದು ಎರಡು ಬೇಕು.

ಐದು ಸಲ ಎಂದರೆ ಏನು ಲಾಭ? ಗಾಳಿಯ ಬದಲಾವಣೆ ಒಂದನ್ನೇ ಲೆಕ್ಕ ಹಿಡಿದರೂ, ಒಬ್ಬ ಕೆಮ್ಮಿ ಗಾಳಿಗೆ ಬಿಟ್ಟಿದ್ದರಲ್ಲಿ ನೂರಕ್ಕೆ 99 ಪಾಲು ಹೊರಹೋಗಲು ಸುಮಾರು 55 ನಿಮಿಷ ಸಾಕು. ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಸಂದುಗೊಂದುಗಳಿಂದ ಎರಡು ಗಂಟೆಗೊಮ್ಮೆ ಗಾಳಿ ಬದಲಾಗುವ ಕೋಣೆಯಲ್ಲಿ ಅದೇ ಕೆಲಸಕ್ಕೆ ಒಂಬತ್ತು ಗಂಟೆ. ರಾತ್ರಿ ಹತ್ತಕ್ಕೆ ಕೆಮ್ಮಿದ್ದು ಬೆಳಗ್ಗೆ ಏಳಕ್ಕೆ ಹಾಸಿಗೆ ಮಡಚುವಾಗಲೂ ಪೂರ್ತಿ ಹೋಗಿರುವುದಿಲ್ಲ.

ಕೊಡಗಿನಲ್ಲಿ ಈ ಫ್ಯಾನು ಕೈಕೊಡುವುದು ಹೆಚ್ಚಾಗಿ ಮೋಟಾರಿನ ದೋಷದಿಂದಲ್ಲ, ಗೋಡೆಯ ಆಯ್ಕೆಯಿಂದ. ನಮ್ಮ ಮಳೆಗಾಳಿ ಬರುವುದು ಪಡುವಣ, ನೈಋತ್ಯ ದಿಕ್ಕಿನಿಂದ. ಆ ಗೋಡೆಗೆ ಫ್ಯಾನು ಕೂರಿಸಿದರೆ ಗಾಳಿಯೇ ಅದನ್ನು ಹಿಂದಕ್ಕೆ ನೂಕುತ್ತದೆ, ನೀರು ಮೋಟಾರಿಗೆ ಎರಚುತ್ತದೆ, ಎರಡನೇ ವಾರಕ್ಕೆ ವಾರ್ಡನ್ ಅದಕ್ಕೆ ರಟ್ಟು ಬಡಿಸುತ್ತಾರೆ. ಮೂಡಣ ಅಥವಾ ಈಶಾನ್ಯದ ಗೋಡೆ ಹಿಡಿಯಿರಿ. ಬೇರೆ ದಾರಿಯೇ ಇಲ್ಲದಿದ್ದರೆ ಹೊರಗೆ ಕೆಳಮುಖದ ತಗಡಿನ ಟೋಪಿ ಹಾಕಿಸಿ. ಟೋಪಿಯ ಬಾಯಿ ಫ್ಯಾನಿನ ವ್ಯಾಸಕ್ಕಿಂತ ಚಿಕ್ಕದಾಗದಿರಲಿ.

ಎರಡನೇ ತಪ್ಪು, ಗಾಳಿ ಒಳಬರುವ ದಾರಿ ಮರೆಯುವುದು. ಹೊರಹೋದಷ್ಟೇ ಒಳಗೆ ಬರಬೇಕಲ್ಲ? ಬಾಗಿಲ ಕೆಳಗಿನ ಒಂದಿಂಚು ಸಂದು ಇದಕ್ಕೆ ಏನೂ ಸಾಲದು. ಫ್ಯಾನಿನ ಎದುರು ಗೋಡೆಯಲ್ಲಿ, ಸಜ್ಜಾದ ಅಡಿಯ ವೆಂಟಿಲೇಟರ್ ನಾಲ್ಕು ಇಂಚು ತೆರೆದಿರಲಿ. ಅದು ತಾನಾಗಿ ಮುಚ್ಚದಂತೆ ಕೊಕ್ಕೆ ಇರಲಿ. ಫ್ಯಾನಿನ ಮಗ್ಗುಲಲ್ಲೇ ಕಿಟಕಿ ತೆರೆದರೆ ಮಾತ್ರ ಕೆಲಸ ಕೆಟ್ಟಿತು: ಆ ಕಿಟಕಿಯ ಗಾಳಿಯೇ ಸುತ್ತಿ ಫ್ಯಾನಿನಿಂದ ಹೊರಹೋಗುತ್ತದೆ, ಮಂಚದ ಮೇಲಿನ ಗಾಳಿ ಕದಲುವುದೇ ಇಲ್ಲ. ಸೀಲಿಂಗ್ ಫ್ಯಾನು ಇದೆಯಲ್ಲ ಎನ್ನುವವರಿಗೆ: ಅದು ಇರುವ ಗಾಳಿಯನ್ನು ಕಲಸುತ್ತದೆ, ಹೊಸದನ್ನು ತರುವುದಿಲ್ಲ.

ಮೈ ಪ್ಲಾಸ್ಟಿಕ್‌ನದಾದರೆ ಒಳ್ಳೆಯದು. ಕಬ್ಬಿಣದ ಚೌಕಟ್ಟು ಈ ತೇವಕ್ಕೆ ಬೇಗ ತುಕ್ಕು ಹಿಡಿದು ರೆಕ್ಕೆಮುಚ್ಚಳದ ಕೀಲು ಕಚ್ಚಿಕೊಳ್ಳುತ್ತದೆ. ಜಿಡ್ಡು, ಧೂಳು, ಬೂಷ್ಟು ಸೇರಿ ಮುಚ್ಚಳ ಅಂಟಿಕೊಂಡರೆ ಫ್ಯಾನು ಸದ್ದು ಮಾಡುತ್ತದೆ, ಗಾಳಿ ಹೋಗುವುದಿಲ್ಲ. ಒಂದು ಹಾಳೆ ಕಾಗದ ಜಾಲರಿಗೆ ಹಿಡಿದರೆ ಅಂಟಿಕೊಂಡು ನಿಲ್ಲಬೇಕು. ಬಿದ್ದರೆ ತೊಳೆಯುವ ಸಮಯ. ಫ್ಯಾನು ಗುಂಯ್ ಎನ್ನುತ್ತ ನಿಧಾನಕ್ಕೆ ತಿರುಗುತ್ತಿದ್ದರೆ ಮೋಟಾರು ಬದಲಿಸುವ ಮುನ್ನ ಕೆಪಾಸಿಟರ್ ನೋಡಿಸಿ. ವೋಲ್ಟೇಜ್ ಏರುಪೇರಿನ ಊರುಗಳಲ್ಲಿ ಮೊದಲು ಹೋಗುವುದು ಅದೇ. ಬೇಸಿಗೆಯಲ್ಲಿ ಓಡಿಸದೇ ಬಿಟ್ಟಿದ್ದರೆ ಜೂನ್‌ಗೆ ಮೊದಲು ಕಡಜದ ಗೂಡು ಇದೆಯೇ ಎಂದು ಇಣುಕಿ.

ಆಕ್ಷೇಪ ಒಂದು ಬಂದೇ ಬರುತ್ತದೆ: ‘ಹೊರಗಿನ ಗಾಳಿ ಒದ್ದೆ, ಬಟ್ಟೆ ಒಣಗಲ್ಲ, ಚಳಿ.’ ಮೂರೂ ನಿಜ. ಆದರೆ ಬಟ್ಟೆಯ ಸಮಸ್ಯೆಗೆ ಮಲಗುವ ಕೋಣೆಯಲ್ಲಿ ಪರಿಹಾರ ಹುಡುಕುವುದೇ ತಪ್ಪು. ನೀರು ಕಾಯಿಸುವ ಒಲೆಯ ಪಕ್ಕದ ಕೋಣೆಯನ್ನೋ, ಖಾಲಿ ಇರುವ ಒಂದು ಕೋಣೆಯನ್ನೋ ಬಟ್ಟೆ ಒಣಗಿಸಲು ಬಿಟ್ಟರೆ, ಕಿಟಕಿ ಮುಚ್ಚಲು ಹುಡುಗರಿಗಿರುವ ಕಾರಣಗಳಲ್ಲಿ ಅರ್ಧ ಹೋಗುತ್ತದೆ. ಇನ್ನರ್ಧ ಚಳಿ; ಅದಕ್ಕೆ ಇನ್ನೊಂದು ಕಂಬಳಿ. ಕರೆಂಟಿನದು ಬೇರೆ ಕಥೆ. ಮರ ಬಿದ್ದು ಚೆಸ್ಕಾಂ ಲೈನು ಎರಡು ದಿನ ಹೋದರೆ ಫ್ಯಾನೂ ಇಲ್ಲ. ಆಗ ಎದುರುಬದುರು ವೆಂಟಿಲೇಟರ್‌ಗಳೇ ಗತಿ. ಯುಪಿಎಸ್ ಇದ್ದಲ್ಲಿ ಜ್ವರದ ಕೋಣೆಯ ಫ್ಯಾನನ್ನು ಮಾತ್ರ ಅದಕ್ಕೆ ಸೇರಿಸಿ, ಎಲ್ಲವನ್ನೂ ಅಲ್ಲ.

ಇಂಗಾಲದ ಡೈ ಆಕ್ಸೈಡ್ ಮೀಟರ್: ಹಾಸ್ಟೆಲ್‌ಗೆ ಒಂದು ಸಾಕು

ಕೋಣೆಯ ಗಾಳಿ ಬದಲಾಗುತ್ತಿದೆಯೋ ಇಲ್ಲವೋ ಎಂದು ಮೂಗಿನಿಂದ ಹೇಳಲಾಗದು. ಉಸಿರಿನ ಜೊತೆ ಹೊರಬರುವ ಇಂಗಾಲದ ಡೈ ಆಕ್ಸೈಡನ್ನು ಅಳೆದರೆ ಹೇಳಬಹುದು. ಮಲಗಿರುವ ಒಬ್ಬ ಗಂಟೆಗೆ ಸುಮಾರು 12 ಲೀಟರ್ ಬಿಡುತ್ತಾನೆ. ನಾಲ್ವರು ಸೇರಿದರೆ 50 ಲೀಟರಿನ ಹತ್ತಿರ. ಭದ್ರವಾಗಿ ಮುಚ್ಚಿದ ನಮ್ಮ ಕೋಣೆಯಲ್ಲಿ ಅದು ಗಂಟೆಗೆ ಸುಮಾರು ಸಾವಿರ ಪಿಪಿಎಂನಂತೆ (ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸಾವಿರ ಪಾಲು) ಏರಲು ಶುರುವಾಗುತ್ತದೆ. ಹೊರಗಿನ ಗಾಳಿಯಲ್ಲಿರುವುದು 430 ಪಿಪಿಎಂ ಆಸುಪಾಸು. ಬೆಳಗಿನ ಹೊತ್ತಿಗೆ ಮುಚ್ಚಿದ ಕೋಣೆ 2000 ದಾಟಿರುತ್ತದೆ. ಐದು ಸಲದ ಗಾಳಿ ನಿಜವಾಗಿ ಸಿಕ್ಕ ಕೋಣೆ 650ರ ಸುತ್ತ ನಿಲ್ಲುತ್ತದೆ. 800ರ ಕೆಳಗಿದ್ದರೆ ಒಳ್ಳೆಯದು ಎಂದು ನೆನಪಿಟ್ಟರೆ ಸಾಕು.

ಕೊಳ್ಳುವಾಗ ‘ಎನ್‌ಡಿಐಆರ್’ ಸೆನ್ಸರ್ (ಅವಗೆಂಪು ಕಿರಣದಿಂದ ಆ ಅನಿಲವನ್ನೇ ಅಳೆಯುವಂಥದ್ದು) ಎಂದು ಬರೆದಿದೆಯೇ ನೋಡಿ. ಅಗ್ಗದ ಎಷ್ಟೋ ಮೀಟರ್‌ಗಳು ಇಂಗಾಲದ ಡೈ ಆಕ್ಸೈಡನ್ನು ಅಳೆಯುವುದೇ ಇಲ್ಲ. ವಾಸನೆಯ ಅನಿಲಗಳನ್ನು ಗ್ರಹಿಸಿ ಅಂದಾಜು ತೋರಿಸುತ್ತವೆ. ಪಕ್ಕದಲ್ಲಿ ಡಿಯೋಡರೆಂಟ್ ಹೊಡೆದರೆ ಸಂಖ್ಯೆ ಆಕಾಶಕ್ಕೆ ಏರುತ್ತದೆ. ತಂದ ದಿನ ಹೊರಗೆ ಚಾವಡಿಯಲ್ಲಿ ಇಪ್ಪತ್ತು ನಿಮಿಷ ಇಡಿ, 400ರಿಂದ 480ರೊಳಗೆ ನಿಲ್ಲಬೇಕು. ಬಹಳಷ್ಟು ಮೀಟರ್‌ಗಳು ತಮ್ಮಷ್ಟಕ್ಕೆ ತಾವೇ ಸರಿಹೊಂದಿಸಿಕೊಳ್ಳಲು ವಾರಕ್ಕೊಮ್ಮೆಯಾದರೂ ಶುದ್ಧ ಗಾಳಿ ಕಾಣಬೇಕು. ಹಾಸ್ಟೆಲ್‌ನೊಳಗೇ ವಾರಗಟ್ಟಲೆ ಇಟ್ಟರೆ ಕೆಟ್ಟ ಗಾಳಿಯನ್ನೇ ಒಳ್ಳೆಯದೆಂದು ಭಾವಿಸಿ ಕಡಿಮೆ ತೋರಿಸತೊಡಗುತ್ತವೆ. ಮಂಜು ನುಗ್ಗುವ ಕಿಟಕಿಯ ಕಟ್ಟೆಯ ಮೇಲೂ ಬೇಡ, ಮಲಗಿದವರ ಮುಖದ ಹತ್ತಿರವೂ ಬೇಡ. ಮೇಜಿನ ಎತ್ತರದಲ್ಲಿ, ಗೋಡೆಯಿಂದ ಒಂದಡಿ ಈಚೆ. ರಾತ್ರಿಗೊಂದು ಕೋಣೆಯಂತೆ ತಿಂಗಳಲ್ಲಿ 30 ಕೋಣೆ ಮುಗಿಯುತ್ತದೆ. ಯಾವ ವೆಂಟಿಲೇಟರಿಗೆ ಯಾರು ಪೇಪರ್ ಅಂಟಿಸಿದ್ದಾರೆ ಎಂಬುದೂ ಗೊತ್ತಾಗುತ್ತದೆ.

ಹೆಪಾ, ಅಂದರೆ ಅತಿ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರಿನ ಏರ್ ಪ್ಯೂರಿಫೈಯರ್ ಒಳ್ಳೆಯ ಸಾಮಾನೇ, ಆದರೆ 30 ಕೋಣೆಗೆ ಕೊಳ್ಳುವ ವಸ್ತುವಲ್ಲ. ಜ್ವರದ ಕೋಣೆಗೆ ಒಂದು, ಫ್ಯಾನು ಕೂರಿಸಲಾಗದ ಕಡೆ ಇನ್ನೊಂದು. ಡಬ್ಬದ ಮೇಲಿನ ಚದರಡಿ ಲೆಕ್ಕ ಬಿಟ್ಟು ಸಿಎಡಿಆರ್ ಸಂಖ್ಯೆ, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಸೋಸುತ್ತದೆ ಎಂಬುದನ್ನು ನೋಡಿ, ಅದು 255ಕ್ಕೆ ಕಡಿಮೆಯಿರಬಾರದು. ಆ ಸಂಖ್ಯೆ ಅತಿ ಜೋರಿನ ವೇಗದ್ದು. ಸದ್ದು ತಾಳಲಾರದೆ ಹುಡುಗರು ‘ಸ್ಲೀಪ್’ ಮೋಡಿಗೆ ಇಳಿಸಿದರೆ ಗಾಳಿ ಅದರ ಒಂದು ಸಣ್ಣ ಪಾಲು ಮಾತ್ರ. ಫಿಲ್ಟರ್ ಒದ್ದೆ ಗಾಳಿಯಲ್ಲಿ ನಿಲ್ಲಿಸಿಟ್ಟರೆ ಬೂಷ್ಟು ವಾಸನೆ ಬರುತ್ತದೆ, ಹಾಗಾಗಿ ಓಡಿಸದ ತಿಂಗಳು ಬಿಚ್ಚಿ ಒಣ ಜಾಗದಲ್ಲಿ ಕಟ್ಟಿಡಿ. ಓಝೋನ್ ಬಿಡುವ ಯಂತ್ರ, ಅಯಾನೈಸರ್, ಫೋನಿಗೆ ನೇರಳಾತೀತ ಡಬ್ಬ, ಇವಕ್ಕೆ ಒಂದು ರೂಪಾಯಿಯೂ ಬೇಡ. ಓಝೋನ್ ಶ್ವಾಸಕೋಶಕ್ಕೇ ಕೆಡುಕು.

ಗನ್ ಥರ್ಮಾಮೀಟರ್: ಮಡಿಕೇರಿ ಚಳಿಗೆ ಸೋಲುವ ಯಂತ್ರ

ಹಣೆಯ ಚರ್ಮದ ಶಾಖವನ್ನು ಅವಗೆಂಪು ಕಿರಣದಿಂದ ಅಳೆದು ಒಳಗಿನ ಶಾಖ ಇಷ್ಟಿರಬಹುದು ಎಂದು ಊಹಿಸುವ ಉಪಕರಣ ಇದು. ಕೊಡೆ ಹಿಡಿದು ಬಂದ, ಹಣೆ ಒದ್ದೆಯಾದ, ಗಾಳಿಗೆ ತಣ್ಣಗಾದ ಹುಡುಗಿಗೆ ಅದು ಕಡಿಮೆ ತೋರಿಸುತ್ತದೆ. 102 ಡಿಗ್ರಿ ಫ್ಯಾರನ್‌ಹೀಟ್ ಜ್ವರದವಳನ್ನೂ ‘ನಾರ್ಮಲ್’ ಎಂದು ಒಳಗೆ ಬಿಡುತ್ತದೆ. ಸರಿಯಾಗಿ ಅಳೆಯಬೇಕೆಂದರೆ ಬಂದವರು ಒಳಗೆ 15ರಿಂದ 30 ನಿಮಿಷ ಕೂತಿರಬೇಕು, ಹಣೆ ಒರೆಸಿರಬೇಕು, ಉಪಕರಣವೂ ಅದೇ ಕೋಣೆಯ ಶಾಖಕ್ಕೆ ಒಗ್ಗಿರಬೇಕು, ಕಂಪನಿ ಹೇಳಿದ ದೂರದಲ್ಲಿ (ಹೆಚ್ಚಿನವಕ್ಕೆ 3ರಿಂದ 5 ಸೆಂ.ಮೀ.) ಹಿಡಿಯಬೇಕು. ಬೆಳಗ್ಗೆ ಎಂಟೂವರೆಗೆ ಗೇಟಿನಲ್ಲಿ ಸೆಕ್ಯುರಿಟಿಯವರಿಂದ ಇದೆಲ್ಲ ಆಗುವ ಕೆಲಸವೇ? ಇನ್ನೂ ಒಂದು: ಗುಂಡಿ ತಪ್ಪಿ ‘ಸರ್ಫೇಸ್’ ಮೋಡಿಗೆ ಹೋಗಿದ್ದರೆ ಇಡೀ ಕಾಲೇಜಿಗೇ 33 ಡಿಗ್ರಿ ಸೆಲ್ಸಿಯಸ್.

ಯಂತ್ರ ಸರಿಯಿದ್ದರೂ ಗೇಟಿನ ತಪಾಸಣೆ ಫ್ಲೂಗೆ ಹೊಂದುವುದಿಲ್ಲ. ವೈರಸ್ ತಗಲಿದ ಒಂದರಿಂದ ನಾಲ್ಕು ದಿನದೊಳಗೆ ಲಕ್ಷಣ ಕಾಣಿಸುತ್ತದೆ, ಅದಕ್ಕೂ ಒಂದು ದಿನ ಮೊದಲೇ ಹರಡಲು ಶುರು. ಕೆಲವರಿಗೆ ಜ್ವರವೇ ಬರುವುದಿಲ್ಲ. ಬೆಳಗ್ಗೆ ಒಂದು ಪ್ಯಾರಾಸಿಟಮಾಲ್ ನುಂಗಿದವನಿಗೆ ಗೇಟಿನಲ್ಲಿ ಜ್ವರ ಇರುವುದೂ ಇಲ್ಲ.

ಅದೇ ದುಡ್ಡಿಗೆ ಕಂಕುಳಲ್ಲಿಡುವ ಸಾದಾ ಡಿಜಿಟಲ್ ಥರ್ಮಾಮೀಟರ್ ಹಲವು ಬರುತ್ತವೆ. ಕೋಣೆಗೊಂದರಂತೆ ಕೊಡಿ. ಕಂಕುಳು ಒರೆಸಿ, ತುದಿ ಚರ್ಮಕ್ಕೆ ಒತ್ತಿ, ತೋಳು ಮಡಚಿ ಬೀಪ್ ಬರುವವರೆಗೆ. ಬೀಪ್ ಬಂದ ಮೇಲೂ ಇನ್ನೊಂದೆರಡು ನಿಮಿಷ ಬಿಟ್ಟರೆ ಓದು ಇನ್ನೂ ಸರಿ. ಬಾಯಿಯ ಶಾಖಕ್ಕಿಂತ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ಬಳಸಿದ ಮೇಲೆ ತುದಿಗೆ ಸ್ಪಿರಿಟ್ ಹತ್ತಿ. ಗುಂಡಿ ಸೆಲ್ಲು ಹೆಚ್ಚಾಗಿ ಎಲ್‌ಆರ್41, ಹತ್ತು ತಂದಿಡಿ. ಪಾದರಸದ್ದು ಬೇಡ, ಒಡೆದರೆ ಗೋಳು.

ಮಾಸ್ಕ್: ಹತ್ತು ಡಬ್ಬ ಯಾರಿಗೆ?

ಇಲ್ಲಿ ಲೆಕ್ಕ ಹಾಕದೆ ಕೊಳ್ಳುವವರೇ ಹೆಚ್ಚು. ಜ್ವರ ಬಂದ ಒಬ್ಬರಿಗೆ ದಿನಕ್ಕೆ ಮೂರು ಸರ್ಜಿಕಲ್ ಮಾಸ್ಕ್, ಐದು ದಿನಕ್ಕೆ 15. ಒಮ್ಮೆಗೆ ಹತ್ತು ಜನ ಮಲಗಿದರೂ 150, ಅಂದರೆ 50ರ ಮೂರು ಡಬ್ಬ. ಉಳಿದ ದುಡ್ಡಿಗೆ ಮುಖಕ್ಕೆ ಬಿಗಿಯಾಗಿ ಕೂರುವ ಒಳ್ಳೆಯ ಎಫ್‌ಎಫ್‌ಪಿ2 ಅಥವಾ ಎನ್95 ಮಾಸ್ಕ್ ತಂದರೆ ಜ್ವರದ ಕೋಣೆಗೆ ಊಟ ಕೊಡುವವರಿಗೆ, ಕಸ ಗುಡಿಸುವವರಿಗೆ, ಆಸ್ತಮಾ ಇರುವ ವಿದ್ಯಾರ್ಥಿಗಳಿಗೆ ನಿಜವಾದ ರಕ್ಷಣೆ ಸಿಗುತ್ತದೆ.

ಸರ್ಜಿಕಲ್ ಮಾಸ್ಕಿನಲ್ಲಿ ಮೂರು ಪದರ ಇರಬೇಕು. ನಡುವಿನದು ಬಿಳಿ, ತೆಳು, ಎಳೆದರೆ ಹತ್ತಿಯಂತೆ ಬಿಡುವ ಮೆಲ್ಟ್‌ಬ್ಲೋನ್ ಪದರ. ಒಂದು ಮಾಸ್ಕ್ ಕತ್ತರಿಸಿ ನೋಡಿ. ನಡುವೆ ಏನೂ ಇಲ್ಲದ ಎರಡು ಪದರದ ಮಾಲು ಸಂತೆಯಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ. ಡಬ್ಬದ ಮೇಲೆ ಭಾರತೀಯ ಮಾನಕದ ನಂಬರ್ ಐಎಸ್ 16289 ಇರಲಿ. ಎಫ್‌ಎಫ್‌ಪಿ2ಗೆ ಐಎಸ್ 9473, ಜೊತೆಗೆ ಐಎಸ್‌ಐ ಗುರುತು. ಎನ್95 ಎಂದು ಮಾರುವುದು ನಿಜವಾದದ್ದಾದರೆ ‘ಟಿಸಿ-84ಎ’ ಎಂದು ಶುರುವಾಗುವ ನಂಬರ್ ಮಾಸ್ಕಿನ ಮೇಲೇ ಅಚ್ಚಾಗಿರುತ್ತದೆ, ಪಟ್ಟಿ ಕಿವಿಗಲ್ಲ, ತಲೆಯ ಹಿಂದಕ್ಕೆ ಹೋಗುತ್ತದೆ. ಮುಂದೆ ಪ್ಲಾಸ್ಟಿಕ್ ವಾಲ್ವ್ ಇರುವುದು ಜ್ವರದವರಿಗೆ ಬೇಡವೇ ಬೇಡ, ಅವರು ಬಿಟ್ಟ ಉಸಿರು ಸೋಸದೆ ಆ ವಾಲ್ವ್‌ನಿಂದ ಹೊರಗೆ ಬರುತ್ತದೆ.

ಮಳೆಗೆ ನೆನೆದ ಮಾಸ್ಕ್ ಉಸಿರಿಗೆ ಭಾರ, ಅಂಚಿನಿಂದ ಗಾಳಿ ಸೋರುತ್ತದೆ. ಬ್ಯಾಗಿನಲ್ಲಿ ಜಿಪ್ ಕವರಿನೊಳಗೆ ಒಂದು ಒಣ ಮಾಸ್ಕ್ ಇಟ್ಟುಕೊಳ್ಳಲು ಹೇಳಿ. ಹಾಕಿಕೊಳ್ಳಲೇಬೇಕಾದ ಜಾಗ ಒಂದಿದ್ದರೆ ಅದು ಪರದೆ ಇಳಿಸಿ, ಗಾಜು ಮುಚ್ಚಿ, ನಿಂತವರೇ ಹೆಚ್ಚಿರುವ ಮಳೆಗಾಲದ ಬೆಳಗಿನ ಬಸ್ಸು.

ಸ್ಯಾನಿಟೈಜರ್, ಸಾಬೂನು, ಬ್ಲೀಚಿಂಗ್

ಸ್ಯಾನಿಟೈಜರಿನಲ್ಲಿ ಆಲ್ಕೋಹಾಲ್ ನೂರಕ್ಕೆ ಕನಿಷ್ಠ 60 ಪಾಲು ಇರಬೇಕು. ‘ಆಲ್ಕೋಹಾಲ್ ರಹಿತ’ ಎಂದು ಹೆಮ್ಮೆಯಿಂದ ಬರೆದಿದ್ದರೆ ವಾಪಸ್ ಕೊಡಿ. ಒಮ್ಮೆಗೆ ಸುಮಾರು 3 ಮಿ.ಲೀ., ಒಣಗುವವರೆಗೆ 20 ಸೆಕೆಂಡ್ ಉಜ್ಜಬೇಕು. ಒಂದು ಸಲ ಒತ್ತಿದರೆ ಪಂಪು ಅಷ್ಟು ಕೊಡುವುದು ಅಪರೂಪ. ಲೆಕ್ಕ ನೋಡಿ: 120 ಜನ, ದಿನಕ್ಕೆ ಐದು ಸಲ, 3 ಮಿ.ಲೀ. ಎಂದರೆ 1.8 ಲೀಟರ್. ಐದು ಲೀಟರ್ ಕ್ಯಾನು ಮೂರು ದಿನವೂ ಬರಬಾರದು. ತಿಂಗಳಾದರೂ ಮುಗಿದಿಲ್ಲ ಎಂದರೆ ಯಾರೂ ಬಳಸುತ್ತಿಲ್ಲ ಎಂದರ್ಥ. ಸೀನಿ, ಸಿಂಬಳ ಹಸಿಯಾಗಿ ಅಂಟಿರುವ ಕೈಗೆ ಇದು ಸರಿಯಾಗಿ ಇಳಿಯುವುದಿಲ್ಲ, ಅಲ್ಲಿಗೆ ಸಾಬೂನು ನೀರೇ ಬೇಕು.

ಸಾಬೂನೇ ಹೆಚ್ಚು ಉಪಯೋಗದ್ದು, ಅಗ್ಗದ್ದೂ ಹೌದು. ಕೊಡಗಿನಲ್ಲಿ ಅದಕ್ಕಿರುವ ಒಂದೇ ಶತ್ರು ಜುಲೈ ತಿಂಗಳ ನಲ್ಲಿ ನೀರಿನ ಕೊರೆಯುವ ಚಳಿ. ಬೆರಳು ಜೋಮು ಹಿಡಿಯುವ ನೀರಿಗೆ ಯಾರೂ 20 ಸೆಕೆಂಡ್ ಕೈ ಕೊಡುವುದಿಲ್ಲ. ಮಳೆಗಾಲದಲ್ಲಿ ಸೋಲಾರ್ ಹೀಟರ್ ಬರೀ ಛಾವಣಿಯ ಭಾರ. ವೈರಸ್ ತೊಳೆಯಲು ಬಿಸಿನೀರು ಬೇಕಿಲ್ಲ, ಸಾಬೂನು ಸಾಕು. ಆದರೆ ಮನುಷ್ಯರು ನಲ್ಲಿಯ ಹತ್ತಿರ ನಿಲ್ಲಲು ಉಗುರುಬೆಚ್ಚಗಿನ ನೀರು ಬೇಕು. ಮೆಸ್‌ನ ಕೈತೊಳೆಯುವ ಸಾಲಿಗೆ ಹಂಡೆಯಿಂದ ಒಂದು ನಲ್ಲಿ ಎಳೆಸಿದರೆ ಅದರ ಫಲ ಎರಡು ಸ್ಯಾನಿಟೈಜರ್ ಸ್ಟ್ಯಾಂಡಿಗಿಂತ ಹೆಚ್ಚು.

ಬ್ಲೀಚಿಂಗ್ ಪೌಡರ್ ಮೂಟೆಗಟ್ಟಲೆ ತರುವುದು ಇಲ್ಲಿ ನಷ್ಟ. ಈ ತೇವಕ್ಕೆ ಬಾಯಿ ಬಿಚ್ಚಿದ ಮೂಟೆ ಗಂಟುಗಂಟಾಗಿ ಕ್ಲೋರಿನ್ ಕಳೆದುಕೊಳ್ಳುತ್ತದೆ. ವಾಸನೆ ಉಳಿದಿರುತ್ತದೆ, ಬಲ ಇರುವುದಿಲ್ಲ. ಚಿಕ್ಕ ಪೊಟ್ಟಣ ತನ್ನಿ. ನೂರಕ್ಕೆ 30 ಪಾಲು ಕ್ಲೋರಿನ್ ಇರುವ ಹೊಸ ಪೌಡರ್ ಆದರೆ ಹತ್ತು ಲೀಟರ್ ಬಕೆಟ್‌ಗೆ 33 ಗ್ರಾಂ. ಮೆಸ್ಸಿನ ತಕ್ಕಡಿಯಲ್ಲಿ ತೂಗಿ, ಕೈಲೆಕ್ಕ ಬೇಡ. 5 ಪಾಲಿನ ದ್ರವ ಬ್ಲೀಚ್ ಆದರೆ ಲೀಟರಿಗೆ 20 ಮಿ.ಲೀ. ಎರಡೂ ದಿನದಿನ ಹೊಸದು. ಬಾಗಿಲ ಚಿಲಕ, ಸ್ವಿಚ್ಚು, ಮೆಟ್ಟಿಲ ಕಂಬಿ, ನೀರಿನ ಫಿಲ್ಟರಿನ ನಲ್ಲಿ, ಸಾರಿನ ಸೌಟಿನ ಹಿಡಿ ಮೊದಲು ಒರೆಸಿ, ಆಮೇಲೆ ಈ ನೀರು, ಹತ್ತು ನಿಮಿಷ ಬಿಟ್ಟು ಲೋಹದ ಮೇಲಿನದು ಮತ್ತೆ ಒರೆಸಿ. ಗಟ್ಟಿ ನುಣುಪು ಮೇಲ್ಮೈಯಲ್ಲಿ ಫ್ಲೂ ವೈರಸ್ ಒಂದೆರಡು ದಿನ ಬದುಕಬಲ್ಲದು, ಬಟ್ಟೆ ಕಾಗದದ ಮೇಲೆ ಅದಕ್ಕಿಂತ ಕಡಿಮೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಫಾಗಿಂಗ್ ಮೆಷಿನ್ ಸೊಳ್ಳೆಗೆ. ಫ್ಲೂಗೆ ಅಲ್ಲ.

ಲಸಿಕೆ ಶಿಬಿರ: ಕೇಳಬೇಕಾದ ಪ್ರಶ್ನೆಗಳು

ಇದು ಸಾಮಾನಲ್ಲ, ಸೇವೆ. ಆಸ್ಪತ್ರೆಯವರೋ ಔಷಧ ವಿತರಕರೋ ಕ್ಯಾಂಪಸ್ಸಿಗೇ ಬಂದು ಚುಚ್ಚಿ ಹೋಗುತ್ತಾರೆ. ಪಟ್ಟಿಯಲ್ಲಿ ತಲೆಗೆ ಅತಿ ದುಬಾರಿ ಬಾಬತ್ತು ಇದೇ, ಆದ್ದರಿಂದ ಯಾರಿಗೆ ಎನ್ನುವುದು ಮುಖ್ಯ. ಭಾರತದಲ್ಲಿ ಫ್ಲೂ ಏರುವುದು ಎರಡು ಸಲ, ಜನವರಿಯಿಂದ ಮಾರ್ಚ್, ಮತ್ತೆ ಮಳೆಗಾಲದ ಆಸುಪಾಸು. ಚುಚ್ಚಿದ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಹಾಗಾಗಿ ಕೊಡಗಿಗೆ ಏಪ್ರಿಲ್, ಮೇ ಸರಿ. ಆಗಸ್ಟಿನಲ್ಲಿ ಹತ್ತು ಹಾಸಿಗೆ ತುಂಬಿದ ಮೇಲೆ ಶಿಬಿರ ಇಟ್ಟರೆ ತಡ.

ಮೊದಲ ಪ್ರಶ್ನೆ: ಯಾವ ವರ್ಷದ, ಯಾವ ಗೋಳದ ಲಸಿಕೆ? ವಿಶ್ವ ಆರೋಗ್ಯ ಸಂಸ್ಥೆ ದಕ್ಷಿಣ ಗೋಳಾರ್ಧದ ತಳಿಗಳನ್ನು ಸೆಪ್ಟೆಂಬರಿನಲ್ಲಿ, ಉತ್ತರದ್ದನ್ನು ಫೆಬ್ರವರಿಯಲ್ಲಿ ಹೇಳುತ್ತದೆ. ಮಳೆಗಾಲಕ್ಕೆ ಮೊದಲು ಹಾಕುವುದಾದರೆ ಆ ವರ್ಷದ ದಕ್ಷಿಣದ ಲಸಿಕೆ ಕೇಳಿ. ಹಿಂದಿನ ಚಳಿಗಾಲದ ಉಳಿಕೆ ಮಾಲನ್ನು ರಿಯಾಯಿತಿಯಲ್ಲಿ ತಂದರೆ ಡಬ್ಬದ ಅವಧಿ ದಿನಾಂಕ ನೋಡಿ. ಮೂರು ತಳಿಯದೋ ನಾಲ್ಕು ತಳಿಯದೋ ಎಂಬ ಚರ್ಚೆ ಈಗ ಬೇಕಿಲ್ಲ. ನಾಲ್ಕನೆಯದಾದ ಬಿ/ಯಮಗಾಟಾ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಖಚಿತವಾಗಿ ಕಂಡಿಲ್ಲ.

ಎರಡನೆಯದು ಶೀತಲ ಸರಪಳಿ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಿದ್ದು ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರವಾಗಿ ಸಿರಿಂಜಿಗೆ ಒತ್ತಿ ತರುವುದೇ ಇಲ್ಲಿನ ದೊಡ್ಡ ತಪ್ಪು. ಪ್ಯಾಕ್ ಮೇಲೆ ಬೆವರು ಬಂದು, ಅಲುಗಿಸಿದರೆ ಒಳಗೆ ನೀರು ಕುಲುಕುವವರೆಗೆ ಹೊರಗಿಟ್ಟು ಆಮೇಲೆ ಜೋಡಿಸಬೇಕು. ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇದೆಯೇ ಎಂದು ಮುಚ್ಚಳ ತೆಗೆಸಿ ನೋಡಿ. ಹಾಸ್ಟೆಲ್ ಫ್ರಿಜ್ಜಿನಲ್ಲಿ ‘ಉಳಿದಿದ್ದು ನಾಳೆಗೆ’ ಎಂದು ಇಡಿಸಿಕೊಳ್ಳಬೇಡಿ, ಕರೆಂಟು ಯಾವಾಗ ಹೋಗುತ್ತದೋ ಯಾರು ಬಲ್ಲರು.

ಚುಚ್ಚಿದ ಮೇಲೆ 15 ನಿಮಿಷ ಕೂರಿಸುತ್ತಾರೆಯೇ, ತೀವ್ರ ಅಲರ್ಜಿಯಾದರೆ ಚುಚ್ಚುವ ಅಡ್ರಿನಲಿನ್ ಕೈಗೆಟುಕುವಂತಿದೆಯೇ? ಇವೆರಡಕ್ಕೆ ‘ಹೌದು’ ಬರದಿದ್ದರೆ ಬೇರೆಯವರನ್ನು ಕರೆಯಿರಿ. ತೋಳು ನೋವು, ಒಂದೆರಡು ದಿನ ಮೈ ಬೆಚ್ಚಗಾಗುವುದು ಸಹಜ. ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರದು. ತಳಿ ಹೊಂದಿದ ವರ್ಷ ವೈದ್ಯರ ಹತ್ತಿರ ಹೋಗಬೇಕಾಗುವಂಥ ಫ್ಲೂ ಕಾಯಿಲೆಯನ್ನು ನೂರಕ್ಕೆ 40ರಿಂದ 60ರಷ್ಟು ತಗ್ಗಿಸುತ್ತದೆ. ಎಲ್ಲ 120 ಜನಕ್ಕೂ ದುಡ್ಡಿಲ್ಲವೆಂದರೆ ಆಸ್ತಮಾ, ಮಧುಮೇಹ, ಹೃದಯದ ತೊಂದರೆ ಇರುವವರು, ಗರ್ಭಿಣಿ ಉಪನ್ಯಾಸಕಿಯರು, ವಯಸ್ಸಾದ ವಾರ್ಡನ್, ಅಡುಗೆಯವರು ಮೊದಲು. ಅಡುಗೆಯವರನ್ನು ಪಟ್ಟಿಯಿಂದ ಬಿಡುವುದು ಎಲ್ಲ ಕಡೆ ಕಾಣುವ ಮರೆವು. ಅವರು ಮಲಗಿದರೆ ಇಡೀ ಹಾಸ್ಟೆಲ್ ಹಸಿದಿರುತ್ತದೆ.

ಜ್ವರದ ಕೋಣೆ, ಅದರೊಳಗಿನ ಪೆಟ್ಟಿಗೆ

ಕೊಳ್ಳಲು ಏನೂ ಇಲ್ಲದ, ಆದರೆ ಎಕ್ಸಾಸ್ಟ್ ಫ್ಯಾನಿನಷ್ಟೇ ತೂಕದ ವ್ಯವಸ್ಥೆ. 120 ಜನಕ್ಕೆ ಒಟ್ಟು ಆರು ಮಂಚ ಇರುವ ಎರಡು ಕೋಣೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಇರಲಿ. ಮಂಚಗಳ ನಡುವೆ ಕನಿಷ್ಠ ಒಂದು ಮೀಟರ್, ಒಬ್ಬರ ತಲೆಯ ಕಡೆ ಇನ್ನೊಬ್ಬರ ಕಾಲು. ಬೇರೆ ಟಾಯ್ಲೆಟ್. ಇಲ್ಲಿ ಫ್ಯಾನು ಹೊರಮುಖ, ಗಾಳಿ ಕಾರಿಡಾರಿನಿಂದ ಕೋಣೆಗೆ ಬಂದು ಹೊರಗೆ ಹೋಗಬೇಕು. ಅದು ಹೊರಬೀಳುವ ಜಾಗದಲ್ಲಿ ಇನ್ನೊಂದು ಕೋಣೆಯ ಕಿಟಕಿ ಇರಬಾರದು.

ಪೆಟ್ಟಿಗೆಯಲ್ಲಿ ಪ್ಯಾರಾಸಿಟಮಾಲ್, ಓಆರ್‌ಎಸ್, ಥರ್ಮಾಮೀಟರ್, ಬೆರಳಿಗೆ ಹಾಕುವ ಆಮ್ಲಜನಕದ ಮೀಟರ್. ಈ ಮೀಟರು ತಣ್ಣಗಿನ ಬೆರಳಿಗೆ ಸುಳ್ಳು ಹೇಳುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ನೇಲ್ ಪಾಲಿಶ್ ಒರೆಸಿ, ಒಂದು ನಿಮಿಷ ಕದಲದೆ ಇಟ್ಟು ನೋಡಿ. 94ಕ್ಕಿಂತ ಕೆಳಗೆ ನಿಂತರೆ, ಉಸಿರು ಕಟ್ಟಿದರೆ, ಎದೆ ನೋವು, ಮಂಪರು, ಕಫದಲ್ಲಿ ರಕ್ತ, ತುಟಿ ಉಗುರು ನೀಲಿಗಟ್ಟಿದರೆ 108ಕ್ಕೆ ಫೋನು. ರಸ್ತೆಗೆ ಮರ ಬೀಳುವ ದಿನಗಳಲ್ಲಿ ಕತ್ತಲಾಗುವವರೆಗೆ ಕಾಯುವುದು ಬೇಡ. ನೆಗಡಿ ಮಾತ್ರೆಗಳಲ್ಲಿ ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ, ಎರಡೂ ನುಂಗಿದರೆ ಯಕೃತ್ತಿಗೆ ಪೆಟ್ಟು. ಪಿಯುಸಿ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಅದೇ ಕಾಲಕ್ಕೆ ಡೆಂಗಿ, ಇಲಿಜ್ವರವೂ ಓಡಾಡುವುದರಿಂದ ಕೆಮ್ಮು ನೆಗಡಿ ಇಲ್ಲದ ಬರೀ ಜ್ವರವನ್ನು ಫ್ಲೂ ಎಂದು ತೀರ್ಮಾನಿಸಬೇಡಿ, ಬ್ರುಫೆನ್ ಜಾತಿಯ ಮಾತ್ರೆ ವೈದ್ಯರು ಹೇಳದೆ ಬೇಡ.

ಫ್ಲೂ ವೈರಸ್ಸಿಗೆ ಕೊಡುವ ಒಸೆಲ್ಟಾಮಿವಿರ್ ವೈದ್ಯರ ಚೀಟಿಯ ಔಷಧ, ಪೆಟ್ಟಿಗೆಯಲ್ಲಿ ಇಡುವಂಥದ್ದಲ್ಲ. ಆದರೆ ಅದರಿಂದ ಹೆಚ್ಚು ಲಾಭ ಲಕ್ಷಣ ಶುರುವಾದ 48 ಗಂಟೆಯೊಳಗೆ. ಆಸ್ತಮಾ, ಮಧುಮೇಹದವರನ್ನು ‘ಎರಡು ದಿನ ನೋಡೋಣ’ ಎಂದು ಮಲಗಿಸಿದರೆ ಆ ಅವಕಾಶವೇ ಹೋಯಿತು. ಮನೆಯಲ್ಲೇ ಮಾಡುವ ಫ್ಲೂ ಟೆಸ್ಟ್ ಕಿಟ್‌ಗಳು ಪಾಸಿಟಿವ್ ತೋರಿಸಿದರೆ ನಂಬಬಹುದು, ನೆಗೆಟಿವ್ ತೋರಿಸಿದರೆ ನಂಬಬೇಡಿ. ಫ್ಲೂ ಇರುವವರಲ್ಲಿ ಹತ್ತಕ್ಕೆ ಮೂರರಿಂದ ಐದು ಜನರನ್ನು ಅವು ಕಾಣುವುದೇ ಇಲ್ಲ. ಸೌಮ್ಯ ಲಕ್ಷಣದವರಿಗೆ ಪರೀಕ್ಷೆ ಬೇಡ, ಪ್ರತ್ಯೇಕ ಮಲಗಿಸಿದರೆ ಸಾಕು ಎನ್ನುವುದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೂ ಹೌದು. ಕಾಳುಮೆಣಸಿನ ಕಷಾಯ, ಬೆಲ್ಲದ ಕಾಫಿ ಗಂಟಲಿಗೆ ಹಿತ. ಕೊಡಿ, ಆದರೆ ಲೋಟ ಬೇರೆ ಬೇರೆ ಇರಲಿ.

ಈ ಕೋಣೆಯಿಂದ ಹೊರಬರುವ ನಿಯಮ ಒಂದೇ: ಜ್ವರದ ಮಾತ್ರೆ ನುಂಗದೆ 24 ಗಂಟೆ ಜ್ವರ ಇಲ್ಲದಿರಬೇಕು, ಉಳಿದ ಲಕ್ಷಣವೂ ಇಳಿಮುಖವಾಗಿರಬೇಕು. ಆಮೇಲೂ ಐದು ದಿನ ಮಾಸ್ಕ್.

ಇಷ್ಟೆಲ್ಲ ಕೊಂಡು ಜೋಡಿಸಿದ ಮೇಲೂ ಕೋಣೆ ಖಾಲಿ ಬಿದ್ದು ತರಗತಿಯಲ್ಲಿ ಕೆಮ್ಮು ಕೇಳಿಸುತ್ತಿದ್ದರೆ ಹಾಜರಾತಿ ಪುಸ್ತಕ ತೆರೆದು ನೋಡಿ. 75 ಪಾಲಿನ ನಿಯಮಕ್ಕೆ ಹೆದರಿ, ಮೂರು ದಿನದ ರಜೆಗೂ ವೈದ್ಯರ ಚೀಟಿ ತರಬೇಕೆಂಬ ಷರತ್ತಿಗೆ ಹೆದರಿ ಮಾತ್ರೆ ನುಂಗಿ ಬೆಂಚಿಗೆ ಬರುವವರೇ ಹೆಚ್ಚು. ಚೀಟಿಗಾಗಿ ಹೊರರೋಗಿ ಸಾಲಿನಲ್ಲಿ ಎರಡು ಗಂಟೆ ನಿಂತವರು ಅಲ್ಲಿಯೂ ಹಂಚಿ ಬರುತ್ತಾರೆ. ವಾರ್ಡನ್ ಬರೆದ ಜ್ವರದ ಕೋಣೆಯ ರಿಜಿಸ್ಟರನ್ನೇ ಐದು ದಿನದವರೆಗೆ ರಜೆಯ ಪುರಾವೆ ಎಂದು ಪ್ರಿನ್ಸಿಪಾಲರು ಜೂನ್ ಒಂದಕ್ಕೆ ಸುತ್ತೋಲೆ ಹೊರಡಿಸಿದರೆ ಖರ್ಚು ಒಂದು ಹಾಳೆ ಕಾಗದ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬಂದ ನಾಲ್ಕು ದಿನದೊಳಗೆ ಮಂಚಗಳು ತುಂಬಬಹುದು, ಹಾಗಾಗಿ ಆ ವಾರಕ್ಕೆ ಪ್ಯಾರಾಸಿಟಮಾಲ್, ಮಾಸ್ಕ್, ಹೊದಿಕೆ ಎಲ್ಲವನ್ನೂ ಆಗಸ್ಟ್ ಕೊನೆಗೇ ಎಣಿಸಿಡಿ.